ಕಾಲೇಜ್ ಹುಡುಗಿಯರ ಸಾಕರ್ ಕೋಚ್ ಆಗೋದು ಒಂದು ಕೆಲಸಾನಾ? (ಆನ್ಸನ್ ಡೋರನ್ಸ್ ಬಗ್ಗೆ ಗೊತ್ತಿರುವವರು ಹೇಳಿ)

ಮಾರಿಸ್‌ವಿಲ್ ಮಾವ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳು ಇಲ್ಲೇ ನಾರ್ತ್ ಕ್ಯಾರೊಲಿನಾದಲ್ಲಿ ಹೈಸ್ಕೂಲ್ ಮುಗಿಸುವ ಹಂತದಲ್ಲಿದ್ದಾಳೆ. ಚಿಕ್ಕಂದಿನಿಂದ ಸಾಕರ್ (ನಮ್ಮ ಫುಟ್‌ಬಾಲ್) ಆಡುತ್ತಾಳೆ, ಡಿಫೆಂಡರ್. ದೊಡ್ಡ ಯೂನಿವರ್ಸಿಟಿಗೆ ಆಡುವ ಮಟ್ಟ ನನ್ನದಲ್ಲ ಅಂತ ಅವಳೇ ಹೇಳುತ್ತಾಳೆ. ಆದರೆ ಈಗ ಕೋಚ್ ಆಗುತ್ತೇನೆ ಅಂತ ಹಟ ಹಿಡಿದು ಕೂತಿದ್ದಾಳೆ. ಮಕ್ಕಳಿಗೆ ಶನಿವಾರ ಬೆಳಿಗ್ಗೆ ಹೇಳಿಕೊಡುವ ಕೋಚ್ ಅಲ್ಲ, ಕಾಲೇಜ್ ಟೀಮಿನ ಹೆಡ್ ಕೋಚ್. ಭಾವ "ಇದೂ ಒಂದು ಕೆಲಸಾನಾ" ಅಂತ ಒಂದೇ ಸಮನೆ ಗೊಣಗುತ್ತಿದ್ದಾರೆ.

ಅವಳು ಎದುರು ವಾದಕ್ಕೆ ಇಟ್ಟುಕೊಂಡಿರುವ ಹೆಸರು ಆನ್ಸನ್ ಡೋರನ್ಸ್. ಇಲ್ಲೇ ಪಕ್ಕದ ಚ್ಯಾಪಲ್ ಹಿಲ್‌ನಲ್ಲಿ, ಯುಎನ್‌ಸಿಯಲ್ಲಿ (ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲಿನಾ), 1979ರಿಂದ 2024ರ ತನಕ ಹುಡುಗಿಯರ ಟೀಮಿನ ಕೋಚ್ ಕುರ್ಚಿಯಲ್ಲೇ ಕೂತಿದ್ದ ಮನುಷ್ಯ. ನಾನು ಕ್ರಿಕೆಟ್ ಬಿಟ್ಟು ಬೇರೆ ನೋಡಿದವನಲ್ಲ. ಈ ಲೈನಿನಲ್ಲಿ ನಿಜವಾಗಿ ಹೊಟ್ಟೆ ತುಂಬುತ್ತಾ? ಡೋರನ್ಸ್ ತರಹ ಒಬ್ಬರನ್ನು ನೋಡಿ ದಾರಿ ಆರಿಸಿಕೊಳ್ಳೋದು ಸರೀನಾ?

ಬಿಟ್ಸ್ ಅಂಡ್ ಬೈಟ್ಸ್

ಕಂಪ್ಯೂಟರ್ ಸೈನ್ಸ್ ಓದಿಸಿ. ಸಂಜೆ ಕೋಚಿಂಗ್ ಮಾಡಲಿ. ಮುಗೀತು.

ಆಫ್‌ಸೈಡ್ ಅಕ್ಕ

ಬಂದರು ನೋಡಿ ಸಲಹೆ ಕೊಡೋಕೆ! ಕಂಪ್ಯೂಟರ್ ಸೈನ್ಸ್ ಮುಗಿಸಿದ ಮಕ್ಕಳೇ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದಾರೆ ಈಗ. ಹುಡುಗಿ ಇಷ್ಟು ಸ್ಪಷ್ಟವಾಗಿ ಒಂದು ಹುದ್ದೆ ಹೆಸರು ಹೇಳುತ್ತಿದ್ದಾಳೆ ಅಂದರೆ ಸಂತೋಷಪಡಬೇಕು.

ಹಳೇ ಟಾರ್ ಹೀಲ್

ಮಾವನವರೇ, ನಾನು ತೊಂಬತ್ತರ ದಶಕದಲ್ಲಿ ಅಲ್ಲೇ ಎಂಎಸ್ ಮಾಡಿದವನು. ಬ್ಯಾಸ್ಕೆಟ್‌ಬಾಲ್ ಟಿಕೆಟ್ ಸಿಗದೆ ಹುಡುಗಿಯರ ಸಾಕರ್ ನೋಡೋಕೆ ಹೋಗಿ ಅಲ್ಲೇ ಅಂಟಿಕೊಂಡವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೊದಲಿಗೆ ನಮ್ಮವರಿಗೆ ಇಷ್ಟ ಆಗುವ ವಿಷಯ. ಡೋರನ್ಸ್ ಹುಟ್ಟಿದ್ದು 1951ರಲ್ಲಿ, ನಮ್ಮ ಬಾಂಬೆಯಲ್ಲಿ. ಅಪ್ಪ ಎಣ್ಣೆ ಕಂಪನಿಯಲ್ಲಿದ್ದರು. ವರ್ಗ ಆದ ಕಡೆಗೆಲ್ಲ ಸಂಸಾರ ಹೋಯಿತು: ಕೀನ್ಯಾ, ಇಥಿಯೋಪಿಯಾ, ಸಿಂಗಪುರ, ಬೆಲ್ಜಿಯಂ. ಹೈಸ್ಕೂಲ್ ಸ್ವಿಟ್ಜರ್ಲೆಂಡಿನಲ್ಲಿ. ಅಮೆರಿಕದಲ್ಲಿ ಆಗ ಸಾಕರ್ ಅಂದರೆ ಯಾರಿಗೂ ಬೇಡದ ಆಟ. ಈತ ಹೊರಗಿನಿಂದ ಕಾಲಿಗೆ ಅಂಟಿಸಿಕೊಂಡು ಬಂದ. ಯುಎನ್‌ಸಿಯಲ್ಲಿ ಆಡಿದ, ಆಮೇಲೆ ಲಾ ಓದುತ್ತಿದ್ದಾಗ 1977ರಲ್ಲಿ ಅಲ್ಲಿನ ಗಂಡುಮಕ್ಕಳ ಟೀಮಿಗೆ ಕೋಚ್ ಆದ. ಲಾ ಪೂರ್ತಿ ಮಾಡಲೇ ಇಲ್ಲ. ನಿಮ್ಮ ಭಾವನಂಥವರು ಆಗಲೂ ಇದ್ದಿರುತ್ತಾರೆ, ವಕೀಲಿಕೆ ಬಿಟ್ಟು ಚೆಂಡಿನ ಹಿಂದೆ ಹೋದ ಅಂತ ಬೈದಿರುತ್ತಾರೆ.

1979ರಲ್ಲಿ ಕ್ಯಾಂಪಸ್ಸಿನ ಹುಡುಗಿಯರ ಕ್ಲಬ್ ಟೀಮು ನಮಗೂ ಅಧಿಕೃತ ಟೀಮಿನ ಸ್ಥಾನ ಕೊಡಿ ಅಂತ ಕೇಳಿತು. ಅಥ್ಲೆಟಿಕ್ ಡೈರೆಕ್ಟರ್ ಬಿಲ್ ಕೋಬಿ ಡೋರನ್ಸ್‌ಗೆ ಹೋಗಿ ನೋಡಿ ಬಾ ಅಂದರು. ನೋಡಿ ಬಂದು ಕೊಡಬಹುದು ಅಂದದ್ದಕ್ಕೆ ಅದರ ಕೋಚ್ ಕೆಲಸವೂ ಇವರ ತಲೆಗೇ ಬಂತು. 1988ರ ತನಕ ಎರಡೂ ಟೀಮುಗಳನ್ನು ಒಟ್ಟಿಗೆ ನಡೆಸಿದರು. ಮಧ್ಯದಲ್ಲಿ 1986ರಿಂದ 1994ರ ತನಕ ಅಮೆರಿಕದ ಮಹಿಳಾ ರಾಷ್ಟ್ರೀಯ ತಂಡಕ್ಕೂ ಕೋಚ್. 1991ರಲ್ಲಿ ಚೀನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆದಾಗ ಗುವಾಂಗ್‌ಝೌ ಫೈನಲ್ಲಿನಲ್ಲಿ ನಾರ್ವೆಯನ್ನು 2-1ರಿಂದ ಸೋಲಿಸಿದ್ದು ಈ ತಂಡವೇ. ಎರಡು ಗೋಲೂ ಮಿಶೆಲ್ ಏಕರ್ಸ್‌ದು. ಆಗ ಹೆಂಗಸರ ಪಂದ್ಯ 90 ನಿಮಿಷ ಅಲ್ಲ, 80 ನಿಮಿಷ! ಹೆಂಗಸರಿಗೆ ಉಸಿರು ಸಾಲಲ್ಲ ಅಂತ ಅಂದುಕೊಂಡಿದ್ದರೋ ಏನೋ.

ಯುಎನ್‌ಸಿಯಲ್ಲಿ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿ, ಏಪ್ರಿಲ್ ಹೈನ್ರಿಕ್ಸ್, ಆಮೇಲೆ ಟೋಬಿನ್ ಹೀತ್, ಕ್ರಿಸ್ಟಲ್ ಡನ್ ಎಲ್ಲ ಈತನ ಕೈಯಲ್ಲಿ ಬೆಳೆದವರು. ಒಟ್ಟು 22 ರಾಷ್ಟ್ರೀಯ ಪ್ರಶಸ್ತಿ. ಯುಎನ್‌ಸಿ ಬ್ಯಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್‌ರಂಥವರೇ "ಇದು ಹುಡುಗಿಯರ ಸಾಕರ್ ಸ್ಕೂಲು, ನಾವು ಅವರ ಸಮಕ್ಕೆ ಬರೋಕೆ ಒದ್ದಾಡುತ್ತಿದ್ದೇವೆ" ಅನ್ನೋ ಅರ್ಥದಲ್ಲಿ ತಮಾಷೆ ಮಾಡಿದ್ದರು. ಮೈಕಲ್ ಜೋರ್ಡನ್ ಓದಿದ ಜಾಗದಲ್ಲಿ ಈ ಮಾತು!

ಅಂಕಿಅಂಶ ಅಣ್ಣಯ್ಯ

22 ಅನ್ನೋದು ಎನ್‌ಸಿಎಎ (ಕಾಲೇಜ್ ಪಂದ್ಯಾವಳಿ ನಡೆಸುವ ಸಂಸ್ಥೆ) ಲೆಕ್ಕ ಅಲ್ಲ ಸ್ವಾಮಿ. ಎನ್‌ಸಿಎಎದು 21. ಮೊದಲನೆಯದು 1981ರಲ್ಲಿ, ಎಐಎಡಬ್ಲ್ಯು ಅನ್ನೋ ಬೇರೆ ಸಂಸ್ಥೆ ನಡೆಸಿದ್ದು. ಎನ್‌ಸಿಎಎ ಹುಡುಗಿಯರ ಸಾಕರ್ ಶುರು ಮಾಡಿದ್ದೇ 1982ರಲ್ಲಿ, ಅದೂ ಬರೀ 12 ಟೀಮು ಇಟ್ಟುಕೊಂಡು.

ಹಳೇ ಟಾರ್ ಹೀಲ್

ಅಣ್ಣಯ್ಯ, 1981ರ ಹುಡುಗಿಯರು ಆಡಿದ್ದೂ ಅದೇ ಚೆಂಡು, ಅದೇ ಮೈದಾನ. ನಾನು 22 ಅಂತಲೇ ಹೇಳೋದು.

ಅಂಕಿಅಂಶ ಅಣ್ಣಯ್ಯ

ಹೇಳಿ, ಯಾರು ಬೇಡ ಅಂದರು. ಆದರೆ ಅದರಲ್ಲಿ ಎಷ್ಟು ಯಾವಾಗ ಬಂತು ಅನ್ನೋದನ್ನೂ ಹೇಳಿ. 1986ರಿಂದ 1994ರ ತನಕ ಸತತ ಒಂಬತ್ತು. ಆಗ ಹುಡುಗಿಯರ ಟೀಮಿಗೆ ದುಡ್ಡು ಹಾಕಿದ ಕಾಲೇಜು ಎಷ್ಟಿದ್ದವು? 2000ದ ನಂತರ ನೋಡಿ: 2003, 2006, 2008, 2009, 2012. ಅಷ್ಟೇ. ಆಮೇಲೆ 2018, 2019, 2022 ಮೂರು ಫೈನಲ್ ಸೋತರು. ಎದುರಾಳಿಗಳು ಎದ್ದು ನಿಂತ ಮೇಲೆ ಎಲ್ಲರ ಹಾಗೇ ಆದರು ಅಂತ ನನ್ನ ಅಭಿಪ್ರಾಯ.

ಆಫ್‌ಸೈಡ್ ಅಕ್ಕ

"ಎಲ್ಲರ ಹಾಗೇ"? ಎಲ್ಲರೂ ಹತ್ತು ಹನ್ನೆರಡು ವರ್ಷದಲ್ಲಿ ಐದು ಸಲ ಚಾಂಪಿಯನ್ ಆಗಿ, ಅದರ ಮುಂದಿನ ಹತ್ತು ವರ್ಷದಲ್ಲಿ ಮೂರು ಫೈನಲ್ ಆಡುತ್ತಾರಾ? ನಿಮ್ಮ "ಎಲ್ಲರೂ" ಯಾವ ಊರಿನವರು?

ಬೆಂಚ್ ಪ್ಲೇಯರ್

ನಾನು ಡಿವಿಷನ್ ತ್ರೀ, ಅಂದರೆ ಎನ್‌ಸಿಎಎ ಮೂರನೇ ಹಂತದ ಕಾಲೇಜಿನಲ್ಲಿ ಆಡಿದವಳು (ಜಾಸ್ತಿ ಕೂತವಳು, ಹೆಸರೇ ಹೇಳುತ್ತೆ). ನಮ್ಮ ಕೋಚ್ ಡೋರನ್ಸ್ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಬಂದಿದ್ದರು. ಅದಕ್ಕೆ ಡೋರನ್ಸ್ ಇಟ್ಟ ಹೆಸರು ಕಾಂಪಿಟೇಟಿವ್ ಕಾಲ್ಡ್ರನ್, ಅಂದರೆ ಪೈಪೋಟಿಯ ಕಡಾಯಿ. ಪ್ರಾಕ್ಟೀಸಿನಲ್ಲಿ ಮಾಡುವ ಪ್ರತಿಯೊಂದಕ್ಕೂ ಅಂಕ. ಓಟ, ಒಬ್ಬರ ಮೇಲೆ ಒಬ್ಬರು ಆಡುವುದು, ಹೆಡಿಂಗ್, ಶೂಟಿಂಗ್, ಎಲ್ಲ. ಲೈನ್ ಪಕ್ಕದಲ್ಲಿ ಮ್ಯಾನೇಜರ್ ಕ್ಲಿಪ್‌ಬೋರ್ಡ್ ಹಿಡಿದು ನಿಂತಿರುತ್ತಿದ್ದಳು. ನೀನು ಗೆದ್ದೆಯೋ ಸೋತೆಯೋ ಅಂತ ಅಲ್ಲೇ ಗೀಚುತ್ತಿದ್ದಳು. ಮಾರನೇ ದಿನ ಬೆಳಿಗ್ಗೆ ಲಾಕರ್ ರೂಮ್ ಗೋಡೆ ಮೇಲೆ ಪಟ್ಟಿ, ಪಿಯುಸಿ ರಿಸಲ್ಟ್ ಅಂಟಿಸಿದ ಹಾಗೆ. ಮೊದಲನೆಯವಳಿಂದ ಕೊನೆಯವಳ ತನಕ ಎಲ್ಲರ ಹೆಸರೂ ಕಾಣುತ್ತೆ. ಶೂ ಲೇಸ್ ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗಿ ಕೂತು ಓರೆಗಣ್ಣಲ್ಲಿ ನೋಡುತ್ತಿದ್ದೆವು, ಯಾರೂ ನೇರ ಹೋಗಿ ನಿಂತು ಓದುತ್ತಿರಲಿಲ್ಲ.

ಡೋರನ್ಸ್ ಈ ಐಡಿಯಾ ತೆಗೆದುಕೊಂಡಿದ್ದು ಡೀನ್ ಸ್ಮಿತ್ ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸಿನಿಂದ. ಹುಡುಗಿಯರು ಗೆಳತಿಯರನ್ನು ಸೋಲಿಸೋಕೆ ಹಿಂಜರಿಯುತ್ತಾರೆ, ಅದನ್ನು ಬಿಡಿಸಬೇಕು, ಪ್ರಾಕ್ಟೀಸಿನಲ್ಲಿ ಒಬ್ಬರನ್ನೊಬ್ಬರು ಸೋಲಿಸೋದು ಸಹಜ ಅನ್ನಿಸಬೇಕು ಅನ್ನೋದು ಅವರ ವಾದ. ನನ್ನ ಅನುಭವದಲ್ಲಿ ಹೇಳುವುದಾದರೆ, ಮೊದಲ ವರ್ಷ ದ್ವೇಷ ಮಾಡಿದೆ. ಮೂರನೇ ವರ್ಷದಲ್ಲಿ ಅದು ಇಲ್ಲದಿದ್ದರೆ ಪ್ರಾಕ್ಟೀಸ್ ಸಪ್ಪೆ ಅನ್ನಿಸುತ್ತಿತ್ತು. ಕೊನೆಗೂ ಪಟ್ಟಿಯಲ್ಲಿ ಮೇಲೆ ಬರಲಿಲ್ಲ, ಅದು ಬೇರೆ ವಿಷಯ.

ಎರಡು ಮಕ್ಕಳ ತಾಯಿ

ಕೇಳೋಕೆ ಚೆಂದ. ನನ್ನ ಮಗಳ ಕ್ಲಬ್ಬಿನಲ್ಲಿ ಒಬ್ಬ ಕೋಚ್ ಇದನ್ನೇ ಹನ್ನೊಂದು ವರ್ಷದ ಮಕ್ಕಳ ಮೇಲೆ ಪ್ರಯೋಗ ಮಾಡಿದ. ವಾಟ್ಸಾಪ್ ಗುಂಪಿನಲ್ಲಿ ಅಪ್ಪ ಅಮ್ಮಂದಿರಿಗೆ ವಾರವಾರ ಪಟ್ಟಿ. ಮಕ್ಕಳಿಗಿಂತ ಅಪ್ಪಂದಿರು ಜಾಸ್ತಿ ಜಗಳ ಆಡಿದರು. ನನ್ನ ಮಗಳು ಆ ಸೀಸನ್ ಮುಗಿದ ಮೇಲೆ ಬೂಟು ಮುಟ್ಟಲಿಲ್ಲ. ವರ್ಷಕ್ಕೆ ಸಾವಿರಾರು ಡಾಲರ್ ಫೀಸ್ ಕಟ್ಟಿ ಮಗುವಿಗೆ ಆಟದ ಮೇಲೆ ಜಿಗುಪ್ಸೆ ತರಿಸಿಕೊಂಡೆವು. ಡೋರನ್ಸ್ ದೊಡ್ಡವರೇ ಇರಬಹುದು. ಅವರನ್ನು ಅರ್ಧಂಬರ್ಧ ಓದಿಕೊಂಡು ಬಂದವರ ಕಾಟ ತಡೆಯೋಕಾಗಲ್ಲ.

ಬೆಂಚ್ ಪ್ಲೇಯರ್

ಹನ್ನೊಂದು ವರ್ಷಕ್ಕೆ ಅದು ಅನ್ಯಾಯವೇ. ಒಪ್ಪಿದೆ. ಡೋರನ್ಸ್ ಹತ್ತಿರ ಬರುತ್ತಿದ್ದವರು ದೇಶದಲ್ಲೇ ಆಯ್ದ ಹುಡುಗಿಯರು, ಹದಿನೆಂಟು ದಾಟಿದವರು. ಅಲ್ಲಿ ಪಟ್ಟಿಯ ಕೊನೆಯಲ್ಲಿರುವವಳೂ ಬೇರೆ ಕಾಲೇಜಿನಲ್ಲಿ ಸ್ಟಾರ್.

ವಕೀಲ್ ಸಾಬ್ ಡರಂ

ಇಷ್ಟು ಹೊತ್ತು ಹೊಗಳಿಕೆ ಓದಿದೆ. ಒಂದು ವಿಷಯ ಯಾರೂ ಎತ್ತಲಿಲ್ಲ. 1998ರಲ್ಲಿ ಅವರದೇ ಟೀಮಿನಲ್ಲಿ ಆಡಿದ್ದ ಇಬ್ಬರು ಹುಡುಗಿಯರು ಲೈಂಗಿಕ ಕಿರುಕುಳದ ಕೇಸು ಹಾಕಿದ್ದರು. ಆಟಗಾರ್ತಿಯರ ಖಾಸಗಿ ಜೀವನದ ಬಗ್ಗೆ ಕೋಚ್ ಕೆದಕುತ್ತಿದ್ದರು, ಅಂಥ ಮಾತುಕತೆಯಲ್ಲಿ ತಾವೂ ಸೇರಿಕೊಳ್ಳುತ್ತಿದ್ದರು ಅನ್ನೋದು ಆರೋಪ. ಕಿರುಕುಳ ಕೊಟ್ಟಿಲ್ಲ ಅಂತ ಡೋರನ್ಸ್ ಕೊನೆ ತನಕ ಹೇಳಿದರು. ಒಂದು ಕೇಸು 2004ರಲ್ಲಿ ರಾಜಿ ಆಯಿತು, ಆಗ ಆ ತರಹದ ಮಾತುಗಳಲ್ಲಿ ಸೇರಿಕೊಂಡಿದ್ದಕ್ಕೆ ಕ್ಷಮೆ ಕೇಳಿ ಪತ್ರ ಕೊಟ್ಟರು. ಇನ್ನೊಂದು ಹತ್ತು ವರ್ಷ ಎಳೆಯಿತು. ಕೆಳಗಿನ ಕೋರ್ಟು ವಿಚಾರಣೆ ಬೇಡ ಅಂತ ತಳ್ಳಿಹಾಕಿತ್ತು, 2007ರಲ್ಲಿ ಫೋರ್ತ್ ಸರ್ಕಿಟ್ ಮೇಲ್ಮನವಿ ಕೋರ್ಟು ಇಲ್ಲ, ಇದು ಜ್ಯೂರಿ ಮುಂದೆ ಹೋಗಬಹುದಾದ ಕೇಸು ಅಂದಿತು. 2008ರ ಶುರುವಿನಲ್ಲಿ 3,85,000 ಡಾಲರ್‌ಗೆ ರಾಜಿ. ಟೈಟಲ್ ನೈನ್ ಪಾಠದಲ್ಲಿ ನಾವು ಈ ತೀರ್ಪನ್ನು ಓದುತ್ತೇವೆ.

ಟೈಟಲ್ ನೈನ್ ಅಂದರೆ ಶಾಲೆ ಕಾಲೇಜುಗಳಲ್ಲಿ ಗಂಡು ಹೆಣ್ಣು ಭೇದ ಮಾಡಬಾರದು ಅನ್ನುವ 1972ರ ಕಾನೂನು, ಆ ಕಾನೂನು ಇಲ್ಲದಿದ್ದರೆ ಹುಡುಗಿಯರ ಟೀಮೂ ಇರುತ್ತಿರಲಿಲ್ಲ, ಡೋರನ್ಸ್‌ಗೆ ಈ ಕೆಲಸವೂ ಇರುತ್ತಿರಲಿಲ್ಲ. ಅದೇ ಕಾನೂನಿನ ಅಡಿಯಲ್ಲಿ ಅವರ ಮೇಲೆ ಕೇಸು ಬಂತು. ಹುಡುಗಿಗೆ ಹೀರೋ ಬೇಕಿದ್ದರೆ ಇರಲಿ, ಆದರೆ ಪೂರ್ತಿ ಓದಿಕೊಂಡು ಇಟ್ಟುಕೊಳ್ಳಲಿ.

ಹಳೇ ಟಾರ್ ಹೀಲ್

ರಾಜಿ ಅಂದರೆ ತಪ್ಪೊಪ್ಪಿಗೆ ಅಲ್ಲ, ವಕೀಲರಾಗಿ ನಿಮಗೇ ಗೊತ್ತಿರಬೇಕು. ಆ ಕಾಲದ ಎಷ್ಟೋ ಆಟಗಾರ್ತಿಯರು ಅವರ ಪರ ನಿಂತರು. 2019ರಲ್ಲಿ ಹೊಸ ಸ್ಟೇಡಿಯಂಗೆ ಅವರ ಹೆಸರನ್ನೇ ಇಟ್ಟರು.

ವಕೀಲ್ ಸಾಬ್ ಡರಂ

ಸ್ಟೇಡಿಯಂ ಹೆಸರು ಕೋರ್ಟ್ ತೀರ್ಪಲ್ಲ ಸಾರ್. ನಾನು ತಪ್ಪೊಪ್ಪಿಗೆ ಅಂತ ಎಲ್ಲೂ ಬರೆದಿಲ್ಲ, ಇನ್ನೊಮ್ಮೆ ಓದಿ. ಯಾರು ಆಡಬೇಕು, ಯಾರಿಗೆ ಸ್ಕಾಲರ್‌ಶಿಪ್, ಯಾರು ರಾಷ್ಟ್ರೀಯ ತಂಡಕ್ಕೆ, ಎಲ್ಲ ಒಬ್ಬನೇ ಮನುಷ್ಯನ ಕೈಯಲ್ಲಿದ್ದಾಗ ಹತ್ತೊಂಬತ್ತು ವರ್ಷದ ಹುಡುಗಿ ಆ ಮನುಷ್ಯನಿಗೆ "ಇದು ನಿಮಗೆ ಸಂಬಂಧಪಟ್ಟಿದ್ದಲ್ಲ" ಅಂತ ಹೇಳೋಕೆ ಆಗುತ್ತಾ? 1986ರಿಂದ 1994ರ ತನಕ ಕಾಲೇಜು ಕೋಚೂ ಅವರೇ, ದೇಶದ ಕೋಚೂ ಅವರೇ.

ಆಫ್‌ಸೈಡ್ ಅಕ್ಕ

ಇದಕ್ಕೇ ನಾನು ಹೇಳೋದು, ಹುಡುಗಿ ಕೋಚ್ ಆಗಲಿ ಅಂತ. ಟೈಟಲ್ ನೈನ್ ಬರುವ ಮುಂಚೆ ಹುಡುಗಿಯರ ಕಾಲೇಜ್ ಟೀಮುಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಕಡೆ ಹೆಂಗಸರೇ ಕೋಚ್. ಕಾನೂನು ಬಂತು, ಸಂಬಳ ಬಂತು, ಗಂಡಸರೂ ಬಂದರು. ಈಗ ಅರ್ಧಕ್ಕಿಂತ ಕಡಿಮೆ. ಪುಕ್ಕಟೆ ದುಡಿಯೋಕೆ ಹೆಂಗಸರು, ದುಡ್ಡು ಬಂದ ಮೇಲೆ ಗಂಡಸರು. ಎಲ್ಲಾ ದೇಶದ ಕಥೆ ಇದೇ.

ಮಾವನವರೇ, ನಿಮ್ಮ ಸೊಸೆಗೆ ಬೆಕಿ ಬರ್ಲಿ ಬಗ್ಗೆ ಹೇಳಿ. ಫ್ಲೋರಿಡಾ ಯೂನಿವರ್ಸಿಟಿಯಲ್ಲಿ 1995ರಲ್ಲಿ ಸೊನ್ನೆಯಿಂದ ಟೀಮು ಕಟ್ಟಿದರು. ನಾಲ್ಕನೇ ಸೀಸನ್ನಿನಲ್ಲೇ, 1998ರ ಫೈನಲ್ಲಿನಲ್ಲಿ, ಇದೇ ಡೋರನ್ಸ್ ಟೀಮನ್ನು 1-0ರಿಂದ ಸೋಲಿಸಿದರು. ಹುಡುಗಿಯರ ಸಾಕರ್‌ನಲ್ಲಿ ಡಿವಿಷನ್ ಒನ್ (ಮೊದಲ ಹಂತ) ಪ್ರಶಸ್ತಿ ಗೆದ್ದ ಮೊದಲ ಮಹಿಳಾ ಹೆಡ್ ಕೋಚ್ ಅವರು. 2021ರ ತನಕ ಅಲ್ಲೇ ಇದ್ದರು. ಡೋರನ್ಸ್ ಕೈಯಲ್ಲಿ ಆಡಿದ ಏಪ್ರಿಲ್ ಹೈನ್ರಿಕ್ಸ್ ಕೂಡ ಕಾಲೇಜ್ ಕೋಚ್ ಆಗಿ ಆಮೇಲೆ ರಾಷ್ಟ್ರೀಯ ತಂಡದ ಕೋಚ್ ಆದರು.

ಕ್ಯಾರಿ ಕಾಫಿ

2022ರ ಫೈನಲ್ ನೆನಪಿದೆಯಾ ಯಾರಿಗಾದರೂ? ಇಲ್ಲೇ ಕ್ಯಾರಿಯ ವೇಕ್‌ಮೆಡ್ ಪಾರ್ಕ್‌ನಲ್ಲಿ. ಮನೆ ಪಕ್ಕ ಅಂತ ಸುಮ್ನೆ ಹೋಗಿದ್ದೆವು. ಯುಎನ್‌ಸಿ 2-0 ಮುಂದೆ. ನನ್ನ ಗಂಡ ಪಾರ್ಕಿಂಗ್ ರಶ್ ಆಗುತ್ತೆ ನಡೀ ಅಂತ ಎದ್ದು ನಿಂತಾಗಿತ್ತು. ಎದುರಾಳಿ ಯುಸಿಎಲ್‌ಎ (ಲಾಸ್ ಏಂಜಲಿಸ್‌ನ ಯೂನಿವರ್ಸಿಟಿ) ಒಂದು ಗೋಲು ಹಾಕಿತು. ಗಡಿಯಾರದಲ್ಲಿ 16 ಸೆಕೆಂಡ್ ಇದ್ದಾಗ ಕಾರ್ನರಿನಿಂದ ಇನ್ನೊಂದು! ಸುತ್ತ ಇದ್ದ ನೀಲಿ ಶರಟಿನ ಯುಎನ್‌ಸಿ ಅಭಿಮಾನಿಗಳು ಕೂತಲ್ಲೇ ಕಲ್ಲಾದರು. ಕೊನೆಗೆ ಹೆಚ್ಚುವರಿ ಸಮಯದಲ್ಲಿ 3-2. ಯುಸಿಎಲ್‌ಎ ಕೋಚ್ ಮಾರ್ಗರೀಟ್ ಅವೊಜಾಸಾಗೆ ಅದು ಹೆಡ್ ಕೋಚ್ ಆಗಿ ಮೊದಲನೇ ವರ್ಷ. ಆ ಕಡೆ ನಲವತ್ತಕ್ಕೂ ಜಾಸ್ತಿ ವರ್ಷದ ಅನುಭವ, ಈ ಕಡೆ ಮೊದಲನೇ ಸೀಸನ್. ನನ್ನ ಗಂಡ ಈಗಲೂ ಮ್ಯಾಚ್ ಬಿಟ್ಟು ಮೊದಲೇ ಏಳಲ್ಲ.

ಬಿಟ್ಸ್ ಅಂಡ್ ಬೈಟ್ಸ್

ಪಾರ್ಕಿಂಗ್ ಬಗ್ಗೆ ನಿಮ್ಮ ಗಂಡ ಹೇಳಿದ್ದು ಮಾತ್ರ ಸರಿ.

ಪಿಟಿ ಮೇಷ್ಟ್ರು ಹಾಸನ

ದೂರದಿಂದ ಒಂದು ಮಾತು. ನಮ್ಮಲ್ಲಿ ಕಾಲೇಜಿಗೆ ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕ. ಕಬಡ್ಡಿ, ಖೋ ಖೋ, ವಾಲಿಬಾಲ್, ಚೆಸ್, ಆಗಸ್ಟ್ ಹದಿನೈದರ ಕವಾಯತು, ಎಲ್ಲಕ್ಕೂ ಅವನೇ. ಅಡ್ಮಿಷನ್ ಸಮಯದಲ್ಲಿ ಸಾಲು ಸರಿ ಮಾಡೋಕೂ ಅವನೇ. ಹುಡುಗಿಯರ ಫುಟ್‌ಬಾಲಿಗೆ ಅಂತಲೇ ಒಬ್ಬ ಹೆಡ್ ಕೋಚ್, ಅವನ ಕೆಳಗೆ ಅಸಿಸ್ಟೆಂಟುಗಳು, ಗೋಲ್‌ಕೀಪರಿಗೆ ಬೇರೆ ಕೋಚ್ ಅಂದರೆ ನಮ್ಮ ಪ್ರಿನ್ಸಿಪಾಲರು ನಗುತ್ತಾರೆ. ನಾನು ಅಂತರ ಕಾಲೇಜು ಪಂದ್ಯಕ್ಕೆ ಹುಡುಗಿಯರ ಟೀಮು ಕರೆದುಕೊಂಡು ಹೋಗಬೇಕಾದರೆ ಮೊದಲು ಹನ್ನೊಂದು ಮನೆಗೆ ಹೋಗಿ ಅಪ್ಪಂದಿರ ಒಪ್ಪಿಗೆ ತರಬೇಕು.

ಆದರೂ ದಾರಿ ಇಲ್ಲ ಅಂತಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿಗೆ ಕೋಚ್ ಆಗಿದ್ದ ಲಾಂಗಮ್ ಚಾವೊಬಾ ದೇವಿ 2024ರಲ್ಲಿ ಭಾರತ ಮಹಿಳಾ ತಂಡದ ಕೋಚ್ ಆದರು. ಮಣಿಪುರದವರು, ಹಿಂದೆ ಭಾರತಕ್ಕೆ ಆಡಿದವರು. ಅದೇ ವರ್ಷ ಅವರ ಜಾಗಕ್ಕೆ ಬೇರೆಯವರು ಬಂದರು. ನಮ್ಮಲ್ಲಿ ಕೋಚ್ ಕುರ್ಚಿ ಬಿಸಿ ಆಗೋಕೂ ಬಿಡಲ್ಲ. ನಲವತ್ತೈದು ಸೀಸನ್ ಅನ್ನೋದನ್ನು ಓದಿ ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ.

ಮಾರಿಸ್‌ವಿಲ್ ಮಾವ

ಮೇಷ್ಟ್ರೇ, ಹನ್ನೊಂದು ಮನೆ ಮಾತು ಓದಿ ಭಾವನಿಗೆ ತೋರಿಸಿದೆ. ಸ್ವಲ್ಪ ಮೆತ್ತಗಾದರು. ಈಗ ಅವರ ಪ್ರಶ್ನೆ, ಒಳಗೆ ಸೇರೋದು ಹೇಗೆ? ದೊಡ್ಡ ಆಟಗಾರ್ತಿ ಆಗಿಲ್ಲದಿದ್ದರೆ ಯಾರು ತಗೋತಾರೆ?

ಬೆಂಚ್ ಪ್ಲೇಯರ್

ನನ್ನ ರೂಮ್‌ಮೇಟ್ ಈಗ ಇದೇ ಕೆಲಸದಲ್ಲಿದ್ದಾಳೆ, ಅವಳೂ ನನ್ನ ಜೊತೆ ಬೆಂಚಿನಲ್ಲೇ ಇದ್ದವಳು. ಕೋಚಿಂಗ್ ಲೈಸೆನ್ಸ್ ಯುಎಸ್ ಸಾಕರ್ ಕೊಡುತ್ತೆ. ಕೆಳಗೆ ಗ್ರಾಸ್‌ರೂಟ್ಸ್, ಆಮೇಲೆ ಡಿ, ಸಿ, ಬಿ, ಎ, ಪ್ರೊ ಅಂತ ಮೆಟ್ಟಿಲು. ಡಿ ತನಕ ಕಾಲೇಜ್ ಓದುವಾಗಲೇ ಮುಗಿಸಬಹುದು. ಡಿಗ್ರಿ ಆದ ಮೇಲೆ ಯಾವುದಾದರೂ ಚಿಕ್ಕ ಕಾಲೇಜಿನಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್, ಅಂದರೆ ಮಾಸ್ಟರ್ಸ್ ಫೀಸು ಅವರು ನೋಡಿಕೊಳ್ಳುತ್ತಾರೆ, ನೀನು ಕೋನ್ ಇಡು, ವಿಡಿಯೋ ಕತ್ತರಿಸು, ಬಸ್ ಬುಕ್ ಮಾಡು. ಸಂಬಳ ಅಂತ ಹೇಳಿಕೊಳ್ಳುವಂಥದ್ದು ಇರಲ್ಲ. ಆಮೇಲೆ ಅಸಿಸ್ಟೆಂಟ್, ಊರಿಂದ ಊರಿಗೆ. ಹೆಡ್ ಕೋಚ್ ಆಗೋದು ಹತ್ತು ವರ್ಷದ ಮಾತು, ಆಗದೇನೂ ಇರಬಹುದು. ಆಗಸ್ಟಿನಿಂದ ಡಿಸೆಂಬರ್ ಸೀಸನ್, ಉಳಿದ ಕಾಲ ಹೈಸ್ಕೂಲ್ ಹುಡುಗಿಯರ ಟೂರ್ನಮೆಂಟ್ ನೋಡುತ್ತಾ ರಿಕ್ರೂಟಿಂಗ್. ಅರ್ಧ ಜೀವನ ಬಾಡಿಗೆ ಕಾರಿನಲ್ಲಿ ಅಂತ ಅವಳು ಬೈಕೊಳ್ಳುತ್ತಾಳೆ. ಬಿಡು ಅಂದರೆ ಬಿಡಲ್ಲ.

ಅಂಕಿಅಂಶ ಅಣ್ಣಯ್ಯ

ಒಂದು ಎಚ್ಚರಿಕೆ. ಡೋರನ್ಸ್ ಕೆಲಸ ಮಾಡಿದ ಲೋಕ ಈಗ ಇಲ್ಲ. ಮುಂಚೆ ಒಬ್ಬಳನ್ನು ಕರೆತಂದರೆ ನಾಲ್ಕು ವರ್ಷ ನಿಮ್ಮ ಹತ್ತಿರ. ಈಗ ಆಟಗಾರ್ತಿಯರು ಕಾಲೇಜು ಬದಲಿಸೋಕೆ ಟ್ರಾನ್ಸ್‌ಫರ್ ಪೋರ್ಟಲ್ ಇದೆ, ಡಿಸೆಂಬರಿನಲ್ಲಿ ಯಾರು ಉಳಿಯುತ್ತಾರೆ ಯಾರು ಹೋಗುತ್ತಾರೆ ಗೊತ್ತಾಗಲ್ಲ. ಟ್ರಿನಿಟಿ ರಾಡ್‌ಮನ್ ಕಾಲೇಜಿಗೆ ಆಡದೆ ಸೀದಾ ಪ್ರೊ ಆದಳು. ಯುಎನ್‌ಸಿಯ ಅಲಿ ಸೆಂಟ್‌ನರ್ ಕಾಲೇಜ್ ಅವಕಾಶ ಇನ್ನೂ ಇರುವಾಗಲೇ 2024ರ ಡ್ರಾಫ್ಟಿಗೆ (ಪ್ರೊ ಟೀಮುಗಳು ಸರದಿಯಲ್ಲಿ ಹುಡುಗಿಯರನ್ನು ಆರಿಸಿಕೊಳ್ಳುವ ಪದ್ಧತಿ) ಹೋಗಿ ಮೊದಲನೆಯವಳಾಗಿ ಆಯ್ಕೆ ಆದಳು. ಅದೇ ವರ್ಷ ಪ್ರೊ ಲೀಗ್ ಡ್ರಾಫ್ಟನ್ನೇ ತೆಗೆದುಹಾಕಿತು. ಹುಡುಗಿಯರಿಗೆ ಒಳ್ಳೆಯದೇ. ಕೋಚ್‌ಗೆ ಮಾತ್ರ ಪ್ರತಿ ವರ್ಷ ಹೊಸ ಟೀಮು. 45 ಸೀಸನ್ ಇನ್ನು ಯಾರಿಗೂ ಆಗಲ್ಲ, ಬರೆದಿಟ್ಟುಕೊಳ್ಳಿ.

ಎರಡು ಮಕ್ಕಳ ತಾಯಿ

ಒಂದೇ ಜಾಗದಲ್ಲಿ 45 ವರ್ಷ ಒಬ್ಬರೇ ಕೂರದಿದ್ದರೆ ಒಳ್ಳೆಯದೇ ಆಯಿತು ಬಿಡಿ. ಇನ್ನೊಬ್ಬರಿಗೆ ಜಾಗ ಸಿಗುತ್ತೆ.

ಹಳೇ ಟಾರ್ ಹೀಲ್

ಕೊನೆಗೆ ಹೋದ ರೀತಿಯೂ ವಿಚಿತ್ರ. 2024ರ ಆಗಸ್ಟ್ 11ರಂದು, ಸೀಸನ್ ಶುರುವಾಗಲು ಕೆಲವೇ ದಿನ ಇದ್ದಾಗ, 73ನೇ ವಯಸ್ಸಿನಲ್ಲಿ ನಿವೃತ್ತಿ ಅಂದರು. ಅಸಿಸ್ಟೆಂಟ್ ಡೇಮನ್ ನಹಾಸ್ ಹಂಗಾಮಿ ಕೋಚ್. ಅರ್ಧ ಟೀಮು ಹೊಸಬರು. ಅದೇ ಡಿಸೆಂಬರಿನಲ್ಲಿ ಕ್ಯಾರಿಯಲ್ಲಿ ವೇಕ್ ಫಾರೆಸ್ಟನ್ನು 1-0ರಿಂದ ಸೋಲಿಸಿ ಚಾಂಪಿಯನ್! ಡೋರನ್ಸ್‌ಗೆ 2012ರ ನಂತರ ಕೈಗೆ ಸಿಗದೇ ಇದ್ದದ್ದು ಅವರು ಎದ್ದು ಹೋದ ನಾಲ್ಕು ತಿಂಗಳಿಗೆ ಬಂತು. ಆ ಟೀಮು ಅವರು ಕಟ್ಟಿದ್ದು ಅಂತ ನಾನು ಹೇಳುತ್ತೇನೆ.

ಅಂಕಿಅಂಶ ಅಣ್ಣಯ್ಯ

ಅವರು ಎದ್ದಿದ್ದಕ್ಕೇ ಬಂತು ಅಂತ ನಾನು ಹೇಳುತ್ತೇನೆ.

ಆಫ್‌ಸೈಡ್ ಅಕ್ಕ

ಆಡಿದ ಹುಡುಗಿಯರು ಗೆದ್ದರು ಅಂತ ಯಾರಾದರೂ ಒಬ್ಬರು ಹೇಳ್ರಪ್ಪ.

ಕ್ಯಾರಿ ಕಾಫಿ

ಮಾವನವರೇ, ಆಗಸ್ಟಿನಲ್ಲಿ ಸೀಸನ್ ಶುರು ಆಗುತ್ತೆ. ಭಾವನನ್ನು ಒಂದು ಮ್ಯಾಚಿಗೆ ಕರೆದುಕೊಂಡು ಬನ್ನಿ, ಕೋಚ್ ಬೆಂಚಿನ ಹಿಂದಿನ ಸಾಲಿನಲ್ಲಿ ಕೂತರೆ ಅವರು ಏನು ಕೂಗುತ್ತಾರೆ ಎಲ್ಲಾ ಕೇಳಿಸುತ್ತೆ. ಫ್ಲಾಸ್ಕ್ ಒಳಗೆ ಬಿಡ್ತಾರಾ ಅಂತ ಮಾತ್ರ ಯಾರಾದರೂ ವಿಚಾರಿಸಿ ಹೇಳಿ.